ಒಂಬತ್ತು ಕೆರೆ ದೂರ

ವಿಮಾನ ನಿಲ್ದಾಣದ ಬೇಲಿಯಾಚೆಯ ಕೆರೆಯಲ್ಲಿ ಚಳಿಗಾಲ ಕಳೆದ ಹೆಬ್ಬಾತುಗಳು ಉತ್ತರದ ತವರಿಗೆ ಹೊರಟು ನಿಂತಿದ್ದವು. ಅವು ದೂರವನ್ನು ಕೆರೆಗಳಲ್ಲಿ ಅಳೆಯುತ್ತವೆ. ಆ ಅಳತೆಯಲ್ಲಿ ತವರು ಒಂಬತ್ತು ಕೆರೆ ದೂರ, ನಲವತ್ತು ದಿನದ ಹಾದಿ. ಹಿಂಡಿನ ಹಿರಿಯಳಿಗೆ ಚಿಂತೆಯೆಲ್ಲ ತನ್ನ ಜೊತೆಗಾರನದೇ. ಅವನ ಎಡರೆಕ್ಕೆ ನೋಯುತ್ತಿತ್ತು.

ಅವನು ಬೇಲಿಯ ಬಳಿ ಹೋಗಿ, ಆಚೆ ನಿಂತಿದ್ದ ಒಂದು ವಿಮಾನವನ್ನು ಕೇಳಿದ: “ಅಯ್ಯಾ, ಉತ್ತರದಲ್ಲಿ ನಮ್ಮ ತವರಿನ ಪಕ್ಕದ ನಿಲ್ದಾಣ ಎಷ್ಟು ದೂರ?”

“ನೇರವಾಗಿ ಹೋದರೆ ಐದು ಗಂಟೆ,” ಎಂದಿತು ವಿಮಾನ.

ಅವನು ಹಿಂದಿರುಗಿ ಹೇಳಿದ: “ನಲವತ್ತು ದಿನ ಸುತ್ತುವುದು ಈ ರೆಕ್ಕೆಯಿಂದಾಗದು. ನಾನು ನೇರವಾಗಿ ಹೋಗುತ್ತೇನೆ.”

“ನೇರ ದಾರಿಯಲ್ಲಿ ಒಂದು ಕೆರೆಯೂ ಇಲ್ಲ,” ಎಂದಳು ಅವಳು.

“ಐದು ಗಂಟೆಗೆ ಕೆರೆ ಯಾಕೆ?” ಎಂದವನೇ ಹಾರಿಹೋದ.

ಅವನ ಹಿಂದೆಯೇ ಹೋಗಲು ಅವಳ ಜೀವ ಎಳೆಯಿತು. ಆದರೆ ಆ ಒಂಬತ್ತು ಕೆರೆಗಳ ಗುರುತು ಹಿಂಡಿನಲ್ಲಿ ಉಳಿದ ಯಾರಿಗೂ ಗೊತ್ತಿರಲಿಲ್ಲ.

ನಲವತ್ತನೆಯ ದಿನ ಹಿಂಡು ತವರಿನ ಕೆರೆಗೆ ಇಳಿಯಿತು. ಅವನು ಬಂದಿರಲಿಲ್ಲ. ಪಕ್ಕದ ನಿಲ್ದಾಣದಲ್ಲಿ ಅದೇ ವಿಮಾನ ನಿಂತಿತ್ತು. ಅವಳು ಅದರ ಬಳಿ ಹೋಗಿ ಕೇಳಿದಳು:

“ಅಯ್ಯಾ, ದಾರಿಯಲ್ಲಿ ನನ್ನವರನ್ನು ಎಲ್ಲಾದರೂ ಕಂಡಿರಾ?”

ವಿಮಾನ ಹೇಳಿತು:

“ತಾಯಿ, ಹೊರಡುವ ಊರು ನೋಡಿದ್ದೇನೆ, ಇಳಿಯುವ ಊರು ನೋಡಿದ್ದೇನೆ. ನಡುವಿನ ದಾರಿಯನ್ನು ನಾನು ಒಮ್ಮೆಯೂ ನೋಡಿಲ್ಲ.”