ಮಗ್ಗದ ಕೋಣೆಯ ಸ್ವರ

"ಗುರುಗಳೇ, ತೀರಿಹೋದವರು ಕರೆದರೆ ಓಗೊಡಬಹುದೇ?" ಎಂದು ಶಿಷ್ಯ ಕೇಳಿದ. ಅವನಿಗೆ ಹದಿನಾರು ವರ್ಷ. ತಾಯಿ ಸತ್ತು ಮೂರು ತಿಂಗಳಾಗಿತ್ತು. ಕರ್ಮಾಂತರ ಮುಗಿದ ಮರುದಿನವೇ ಅವನು ತಂದೆಯನ್ನು ಮನೆಯಲ್ಲಿ ಬಿಟ್ಟು ಮಠಕ್ಕೆ ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ, ಹೊನ್ನಮ್ಮನೆಂಬ ಮಗಳು, ಒಬ್ಬ ಚಿಕ್ಕ ಮಗ. ಹೊನ್ನಮ್ಮನಿಗೆ ಹದಿನೈದು ತುಂಬಿದ ವರ್ಷ ಊರಿಗೆ ಜ್ವರ ಬಂತು. ಒಂಬತ್ತು ದಿನಗಳಲ್ಲಿ ತಂದೆ, ತಾಯಿ, ತಮ್ಮ ಮೂವರೂ ಹೋದರು. ಹುಡುಗಿಗೂ ಜ್ವರ ಬಂದಿತ್ತು, ಅವಳೊಬ್ಬಳು ಉಳಿದಳು.

ನೇಕಾರನ ಅಕ್ಕ ದುಂಡಮ್ಮ ಬೇರೆ ಊರಿನಿಂದ ಬಂದು ಅವಳ ಜೊತೆ ನಿಂತಳು. ಹೊನ್ನಮ್ಮ ಅಳಲಿಲ್ಲ. ಹೇಳಿದ ಕೆಲಸ ಮಾಡಿದಳು, ಬಡಿಸಿದ್ದನ್ನು ಉಂಡಳು. ಹುಡುಗಿಯ ಮುಂದೆ ಅಳಬಾರದೆಂದು ದುಂಡಮ್ಮನೂ ಅಳಲಿಲ್ಲ.

ಮಧ್ಯಾಹ್ನ ದುಂಡಮ್ಮ ನೀರಿಗೆ ಹೋದಾಗ ಹುಡುಗಿ ಮಗ್ಗದ ಕೋಣೆಯಲ್ಲಿ ಕೂರುತ್ತಿದ್ದಳು. "ಹೊನ್ನೀ, ಉಂಡೆಯಾ?" ಎಂದು ತಾಯಿಯ ದನಿ ಮಾಡಿ ತಾನೇ ಕೇಳುತ್ತಿದ್ದಳು. "ಉಂಡೆನಮ್ಮಾ" ಎಂದು ತಾನೇ ಹೇಳುತ್ತಿದ್ದಳು. ತಂದೆಯ ದನಿ, ತಮ್ಮನ ದನಿ ಮಾಡುವುದನ್ನೂ ರೂಢಿ ಮಾಡಿಕೊಂಡಳು.

ಒಂದು ಮಧ್ಯಾಹ್ನ ಅವಳಿನ್ನೂ ಅಂಗಳದಲ್ಲಿದ್ದಳು. ಒಳಗಿನಿಂದ "ಹೊನ್ನೀ, ಉಂಡೆಯಾ?" ಎಂದು ಕೇಳಿಸಿತು. ಅವಳು ಬಾಯಿ ತೆರೆದಿರಲಿಲ್ಲ.

ಅವಳಿಗೆ ಹೆದರಿಕೆಯಾಗಲಿಲ್ಲ. ಒಳಗೆ ಓಡಿಹೋಗಿ ಬಾಗಿಲು ಹಾಕಿಕೊಂಡಳು. ಕೋಣೆಯಲ್ಲಿ ಯಾರೂ ಕಾಣಲಿಲ್ಲ. ನೇಯುವವರು ಕಾಲು ಇಳಿಬಿಡುವ ಕುಣಿಯ ಕಡೆಯಿಂದ ಮಾತು ಬರುತ್ತಿತ್ತು. ಅಂದಿನಿಂದ ಅವಳು ದನಿ ಮಾಡಬೇಕಾಗಲಿಲ್ಲ. ಉತ್ತರ ಕೊಟ್ಟರೆ ಸಾಕಾಯಿತು.

ದಿನದಿನಕ್ಕೆ ಅವಳು ಹೊರಗೆ ಬರುವುದು ತಡವಾಯಿತು. ಊಟಕ್ಕೆ ಕರೆದರೆ "ಅಲ್ಲೇ ಆಯಿತು" ಎನ್ನುತ್ತಿದ್ದಳು. ಬಿಸಿಲಲ್ಲಿ ನಿಂತರೂ ಅವಳ ಕೈ ತಣ್ಣಗಿರುತ್ತಿತ್ತು. ಆಮೇಲೆ ಮೂವರ ಸ್ವರಗಳೂ, "ಇಳಿದು ಬಾ, ನೀನೊಬ್ಬಳೇ ಮೇಲಿದ್ದೀಯೆ" ಎನ್ನತೊಡಗಿದವು.

ಒಂದು ದಿನ ಹುಡುಗಿ ಹೊರಗೆ ಬರಲೇ ಇಲ್ಲ. ದುಂಡಮ್ಮ ಬಾಗಿಲ ಹತ್ತಿರ ಹೋದಳು. ಒಳಗೆ ಗಂಡಸಿನ ದನಿ. ಅದು ತೀರಿಹೋದ ನೇಕಾರನ, ಅವಳ ತಮ್ಮನ ದನಿಯೇ. ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು.

"ಹೊನ್ನೀ, ಒಳಗೆ ಯಾರಿದ್ದಾರೆ?"

"ಅಪ್ಪ ಇದ್ದಾನೆ, ಅತ್ತೆ."

"ನನ್ನನ್ನು ಯಾಕೆ ಕರೆಯಲಿಲ್ಲ ಅವನು? ನಾನು ಎತ್ತಿ ಆಡಿಸಿದ ತಮ್ಮ ಕಣೇ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಮುಖವನ್ನೂ ನೋಡಲಿಲ್ಲ. ನನ್ನ ಜೊತೆ ಒಂದೇ ಒಂದು ಮಾತಾಡು ಅನ್ನು ಅವನಿಗೆ." ದುಂಡಮ್ಮ ಗಟ್ಟಿಯಾಗಿ ಅತ್ತಳು.

ಹುಡುಗಿ ಅವಳ ಅಳು ಕೇಳಿದ್ದು ಅದೇ ಮೊದಲು. ಕುಣಿಯ ಕಡೆ ತಿರುಗಿ, "ಅಪ್ಪಾ, ಅವಳ ಜೊತೆ ಒಂದು ಮಾತಾಡು" ಎಂದಳು.

ಕುಣಿಯಿಂದ ತಂದೆಯ ದನಿ ಬಂತು.

"ಅತ್ತೇ, ಅಳಬೇಡ" ಎಂದಿತು.

ನೇಕಾರ ಬದುಕಿದ್ದಷ್ಟು ದಿನವೂ ದುಂಡಮ್ಮನನ್ನು "ಅಕ್ಕ" ಎಂದೇ ಕರೆದಿದ್ದ. ಅತ್ತೆ ಎನ್ನುವುದು ಹೊನ್ನಮ್ಮನ ಮಾತು. ಒಳಗಿದ್ದದ್ದು ಏನೇ ಇರಲಿ, ಅದು ಅವಳಿಂದಲೇ ಮಾತು ಕಲಿತಿತ್ತು.

ಅದು ಅಪ್ಪನಲ್ಲವೆಂದು ಹುಡುಗಿಗೆ ತಿಳಿಯಿತು. ಒಂದು ಕಾಲು ಆಗಲೇ ಕುಣಿಯೊಳಗಿತ್ತು. ಅದನ್ನು ಎಳೆದುಕೊಂಡು, ಅಗಳಿ ತೆಗೆದು, ಅತ್ತೆಯ ಮಡಿಲಲ್ಲಿ ಬಿದ್ದಳು. ಅವಳಿಗೆ ಅಳು ಬಂತು. ಸಂಜೆಯವರೆಗೂ ಇಬ್ಬರೂ ಅತ್ತರು. ಅಳುತ್ತಲೇ ದುಂಡಮ್ಮ ತಮ್ಮನ ಬಾಲ್ಯವನ್ನು ಹೇಳಿದಳು: ಬೆಲ್ಲ ಕದ್ದು ಸಿಕ್ಕಿಬಿದ್ದದ್ದು, ಕೆರೆಯಲ್ಲಿ ಈಜಲು ಹೆದರಿದ್ದು. ಹೊನ್ನಮ್ಮನಿಗೆ ಆ ಅಪ್ಪ ಗೊತ್ತೇ ಇರಲಿಲ್ಲ.

ಮರುದಿನ ಸ್ವರ ಮತ್ತೆ ಕರೆಯಿತು. ಇಬ್ಬರೂ ಕೈಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಇಬ್ಬರಿಗೂ ಕೇಳಿಸಿತು. ಯಾರೂ ಓಗೊಡಲಿಲ್ಲ. ಕೆಲವು ದಿನ ಕರೆದು ಅದು ನಿಂತಿತು.

"ಹಾಗಾದರೆ ಅದು ಹುಡುಗಿಯ ಭ್ರಮೆಯೇ, ಗುರುಗಳೇ?" ಎಂದ ಶಿಷ್ಯ.

"ದುಂಡಮ್ಮನಿಗೂ ಕೇಳಿಸಿತ್ತಲ್ಲ" ಎಂದರು ಗುರುಗಳು. ಆಮೇಲೆ ಅವನನ್ನು ಕೇಳಿದರು:

"ಊರಿನಲ್ಲಿ ನಿನ್ನ ತಂದೆ ಈಗ ಯಾರ ಮುಂದೆ ಅಳುತ್ತಾರೆ?"