ಮ್ಯಾನೇಜರ್ ಒಪ್ಪಿದ್ದಾರೆ

ನೇಕಾರರ ಸಂಘದ ಗುಮಾಸ್ತೆ ಕಾಶವ್ವನ ಮೇಲೆ ಮ್ಯಾನೇಜರ್ ಬಾಳನಗೌಡರು ಒಂದು ದಿನ ಗುಡುಗಿದರು. "ದಿನಾ ಏನ್ ಮಾಡ್ತಿ ನೀನು? ಮೊಬೈಲ್ ಕ್ಯಾಲೆಂಡರಿನ್ಯಾಗ ತಾಸು ತಾಸಿಂದು ಬರಿ. ಕೆಲಸಕ್ಕ ಹಸಿರು, ಖಾಲಿ ಇದ್ದದ್ದಕ್ಕ ಕೆಂಪು. ಕೆಂಪು ಹೆಚ್ಚಾತೋ, ಶನಿವಾರ ಅಧ್ಯಕ್ಷರ ಮುಂದ ನಿನ್ನ ನೌಕರಿ ಹೋತು!"

ಕಾಶವ್ವ ಪ್ರತಿ ತಾಸನ್ನೂ ಬರೆದಳು, ಒಪ್ಪಿಗೆಗೆಂದು ಮ್ಯಾನೇಜರ್ ಸಾಹೇಬರ ಮೊಬೈಲಿಗೂ ಕಳಿಸಿದಳು. ಸಾಹೇಬರು ಕಡತಕ್ಕೇ ಓದದೆ ಸಹಿ ಹಾಕುವವರು. ಮೊಬೈಲಿನಲ್ಲೂ ಹಾಗೇ 'ಒಪ್ಪಿದೆ' ಒತ್ತುತ್ತ ಹೋದರು.

ಶನಿವಾರ ಅಧ್ಯಕ್ಷರ ಮುಂದೆ ಪ್ರೊಜೆಕ್ಟರ್ ಹಚ್ಚಿದಾಗ ಗೋಡೆಯ ಮೇಲೆ ಕಾಶವ್ವನ ಕ್ಯಾಲೆಂಡರ್ ಮೂಡಿತು. ಮುಕ್ಕಾಲು ಪಾಲು ಕೆಂಪು.

"ನೋಡ್ರಿ, ಇದು ಇಕಿ ಬಂಡವಾಳ!" ಎಂದರು ಮ್ಯಾನೇಜರ್.

ಅಧ್ಯಕ್ಷರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಸೋಮವಾರ ಎರಡರಿಂದ ನಾಲ್ಕು, ಸಾಹೇಬರು ನಿದ್ದೆಯಿಂದ ಏಳುವತನಕ ಸಹಿಗಾಗಿ ಬಾಗಿಲ ಹೊರಗೆ ನಿಂತದ್ದು. ಮಂಗಳವಾರವೂ ಅದೇ. ಬುಧವಾರ, ಸಾಹೇಬರು ಕ್ಷೌರ ಮುಗಿಸಿ ಬರುವತನಕ. ಎಲ್ಲಾದರ ಕೆಳಗೂ 'ಮ್ಯಾನೇಜರ್ ಒಪ್ಪಿದ್ದಾರೆ' ಅಂತ ಐತಲ್ರೀ ಗೌಡ್ರ!"

"ನಾ... ನಾ ಅದನ್ನ ಓದೇ ಇಲ್ರೀ!"

ಅಧ್ಯಕ್ಷರು ಕನ್ನಡಕ ತೆಗೆದು ಕಾಶವ್ವನ ಕಡೆ ತಿರುಗಿದರು. "ಕಾಶವ್ವ, ನಿನ್ನ ನೌಕರಿ ಎಲ್ಲೂ ಹೋಗಂಗಿಲ್ಲ. ಇವರು ಈ ವರ್ಷ ಸಹಿ ಹಾಕಿದ ಕಡತ ಅಷ್ಟೂ ತಗೊಂಡ ಬಾರವಾ. ನನ್ನ ಮುಂದ ಕೂತು ಒಂದೊಂದೇ ಓದ್ಲಿ."

ಕಾಶವ್ವ ನೂಲು ಸಾಗಿಸುವ ಕೈಗಾಡಿ ತರಲು ಹೋದಳು.