ಸಾಹೇಬರ ಹೆಸರಿನ ಟ್ಯಾಬ್

ಪಶು ಆಸ್ಪತ್ರೆಗೆ ಒಂದೇ ಒಂದು ಟ್ಯಾಬ್ ಮಂಜೂರಾಯಿತು. ಕೊಟ್ಟಿಗೆಯಲ್ಲಿ ಲಸಿಕೆ ಹಾಕಿ, ಅಲ್ಲೇ ಚೀಟಿ ಮುದ್ರಿಸಿ ಕೊಡಲಿ ಎಂದು. ಅಲ್ಲಿಯವರೆಗೆ ಲಸಿಕೆ ಹಾಕುವ ಬಾಳವ್ವ ಕೈಯಲ್ಲೇ ಚೀಟಿ ಬರೆಯುತ್ತಿದ್ದರು. ಮಳೆಗೆ ಅಕ್ಷರ ಅಳಿಸಿ, ಚುಚ್ಚಿಸಿಕೊಂಡ ಎಮ್ಮೆಗೇ ಮತ್ತೆ ಸೂಜಿ ಬೀಳುತ್ತಿತ್ತು.

"ಟ್ಯಾಬ್ ನನ್ನ ಹೆಸರಿಗೇ ಇರಲಿ. ಚರ್ಮದ ಕವರ್, ಕೀಬೋರ್ಡ್, ಪೆನ್ನು ಎಲ್ಲ ತರಿಸು" ಎಂದರು ಆಸ್ಪತ್ರೆಯ ಸಾಹೇಬರು.

ಗುಮಾಸ್ತ ತಲೆಯಾಡಿಸಿದ. ವಾರ ಕಳೆದು ಅವನು ಮೇಜಿನ ಮೇಲಿಟ್ಟದ್ದು ನೀರಿಳಿಯದ ದಪ್ಪ ಕವರಿನ ಟ್ಯಾಬ್, ಅಂಗೈಯಗಲದ ಪ್ರಿಂಟರ್, ಹೆಗಲಿಗೆ ಹಾಕುವ ಚೀಲ.

"ಇದೇನಯ್ಯ, ಕಂಡಕ್ಟರ್ ಚೀಲ?"

"ಮಂಜೂರಾತಿಯಲ್ಲಿ ಕೊಟ್ಟಿಗೆ ಕೆಲಸಕ್ಕೆ ಅಂತಿದೆ ಸಾರ್. ಅದಕ್ಕೆ ಆಗೋದನ್ನೇ ಆರಿಸಿದೆ. ಹೆಸರು ನಿಮ್ಮದೇ ಹಾಕಿಸಿದೀನಿ. ಯಾರ ಹೆಸರಿದೆಯೋ ಅವರು ಕೊಟ್ಟಿಗೇಲಿ ನಿಂತ ಫೋಟೊ ಟ್ಯಾಬಿನಿಂದ ಇಲಾಖೆಗೆ ಹೋದರೇನೇ ಚೀಟಿ ಬರೋದು. ನಾಳೆ ಬೆಳಿಗ್ಗೆ ಆರಕ್ಕೆ ಮೇಲಿನಕೇರಿ, ನಲವತ್ತು ಎಮ್ಮೆ."

ಸಾಹೇಬರು ತಮ್ಮ ಬಿಳಿ ಪ್ಯಾಂಟು ನೋಡಿಕೊಂಡರು. ಚೀಲವನ್ನು ಎತ್ತಿ, ಮೆಲ್ಲಗೆ ಕೆಳಗಿಟ್ಟರು.

"ಹೆಸರು ಬದಲಿಸೋಕೆ ಎಷ್ಟು ದಿನ ಬೇಕು?"

"ಬಾಳವ್ವನ ಒಂದು ಸಹಿ ಸಾಕು ಸಾರ್. ಬೆಳಿಗ್ಗೆಯೇ ಕರೆಸಿದ್ದೆ, ಹೊರಗೆ ಕೂತಿದ್ದಾರೆ."